ಸಂಡೇ ಸ್ಕೂಲಿಗೆ ಫ್ಲಾನೆಲ್ ಬೋರ್ಡು: ಮಗನೂ ಅದೇ ತರಗತಿಯಲ್ಲಿರುವಾಗ

ಕಳೆದ ವರ್ಷ ಜೂನ್ ತಿಂಗಳಲ್ಲಿ ಪುಣೆ ಕ್ಯಾಂಪಿನ ಕ್ರೈಸ್ತ ಪುಸ್ತಕದಂಗಡಿಯೊಂದರಲ್ಲಿ 1,850 ರೂಪಾಯಿ ಕೊಟ್ಟು ಬೈಬಲ್ ಕಥೆಗಳ ಫ್ಲಾನೆಲ್ ಬೋರ್ಡಿನ, ಅಂದರೆ ಬಟ್ಟೆಯ ಚಿತ್ರಗಳನ್ನು ಅಂಟಿಸುತ್ತ ಕಥೆ ಹೇಳುವ ಫ್ಲಾನೆಲ್ ಬಟ್ಟೆಯ ಹಲಗೆಯ, ಸೆಟ್ಟೊಂದನ್ನು ಕೊಂಡೆ. ನಮ್ಮ ಕನ್ನಡ ಕ್ರೈಸ್ತ ಸಭೆಯ ಸಂಡೇ ಸ್ಕೂಲಿನಲ್ಲಿ ಐದರಿಂದ ಒಂಬತ್ತು ವರ್ಷದ 14 ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಆ 14 ಮಂದಿಯಲ್ಲಿ ನನ್ನ ಆರು ವರ್ಷದ ಮಗನೂ ಒಬ್ಬ. ಒಂದು ವರ್ಷದ ಬಳಕೆಯಲ್ಲಿ ಈ ಸೆಟ್ಟಿನ ಗುಣದೋಷಗಳನ್ನು ನನಗೆ ಹೆಚ್ಚಾಗಿ ತೋರಿಸಿಕೊಟ್ಟವನು ಅವನೇ ಆದ್ದರಿಂದ, ಅವನನ್ನು ಬಿಟ್ಟು ಬರೀ ಬೋರ್ಡಿನ ಬಗ್ಗೆ ಬರೆದರೆ ಈ ಅಭಿಪ್ರಾಯ ಅರ್ಧವಾಗುತ್ತದೆ.

ಪೆಟ್ಟಿಗೆಯಲ್ಲಿ ಮೂರು ಅಡಿ ಅಗಲದ, ನಡುವೆ ಮಡಚುವ ಬೋರ್ಡು, ಹನ್ನೆರಡು ಕಥೆಗಳಿಗೆ ಬೇಕಾದ ಬಟ್ಟೆಯ ಚಿತ್ರಗಳು ಮತ್ತು ಇಂಗ್ಲಿಷಿನಲ್ಲಿರುವ ಶಿಕ್ಷಕರ ಕೈಪಿಡಿ ಇವೆ. ಚಿತ್ರಗಳನ್ನು ನಾವೇ ಕತ್ತರಿಸಿಕೊಳ್ಳಬೇಕು. ಗೋಂದು, ಪಿನ್ನು ಯಾವುದೂ ಬೇಡ. ಫ್ಲಾನೆಲಿನ ಮೇಲಿನ ನವಿರಾದ ಎಳೆಗಳು ಚಿತ್ರದ ಹಿಂಬದಿಯ ಎಳೆಗಳನ್ನು ಹಿಡಿದುಕೊಳ್ಳುತ್ತವೆ. ಬೋರ್ಡನ್ನು ಗೋಡೆಗೆ ನೇರವಾಗಿ ನಿಲ್ಲಿಸದೆ ತುಸು ಹಿಂದಕ್ಕೆ ಓರೆಯಾಗಿ ಇಡಬೇಕು, ಇಲ್ಲವಾದರೆ ಫ್ಯಾನಿನ ಗಾಳಿಗೇ ನೋಹನ ನಾವೆ ಕೆಳಗೆ ಬೀಳುತ್ತದೆ. ಪುಣೆಯ ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಹಿಡಿತ ಸಡಿಲವಾದಾಗ, ಬೋರ್ಡನ್ನು ಒಣಗಿಸಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸರಿಹೋಗುತ್ತದೆ. ಚಿತ್ರಗಳ ಬಣ್ಣ ಒಂದು ವರ್ಷದಲ್ಲಿ ಮಾಸಿಲ್ಲ. ಗೊಲ್ಯಾತನ ಎತ್ತರ ಆರು ಮೊಳ, ಒಂದು ಗೇಣು ಎಂದು ಬೈಬಲಿನ ಸಮುವೇಲನ ಮೊದಲ ಗ್ರಂಥದ 17ನೆಯ ಅಧ್ಯಾಯದಲ್ಲಿದೆ, ಅಂದರೆ ಒಂಬತ್ತು ಅಡಿಗೂ ಹೆಚ್ಚು. ಸೆಟ್ಟಿನ ಗೊಲ್ಯಾತ ಮಾತ್ರ ದಾವೀದನಿಗಿಂತ ಒಂದು ತಲೆಯಷ್ಟೇ ಎತ್ತರವಿದ್ದಾನೆ. ಹುಡುಗನ ಎದುರು ದೈತ್ಯ ನಿಂತಿದ್ದಾನೆಂಬುದು ಕಣ್ಣಿಗೇ ಕಾಣಬೇಕಾದ ಕಥೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ನಮ್ಮಂಥ ಸಭೆಗೆ ಚಿತ್ರಗಳ ಅಗತ್ಯ ಬೇರೆಯವರಿಗಿಂತ ಹೆಚ್ಚು. ಪಿಂಪ್ರಿಯಲ್ಲಿ ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ನಾವು ಕೂಡುತ್ತೇವೆ. ಗದಗ, ಹುಬ್ಬಳ್ಳಿ, ಬೀದರ್ ಕಡೆಯಿಂದ ಬಂದು ನೆಲೆಸಿದ ಮನೆಗಳ ಈ ಮಕ್ಕಳು ಕನ್ನಡ ಮಾತಾಡುತ್ತಾರೆ, ಕನ್ನಡದಲ್ಲೇ ಹಾಡುತ್ತಾರೆ, ಆದರೆ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು ಕಲಿಯುವುದರಿಂದ ಕನ್ನಡ ಓದಲು ಬಾರದು. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲು ನಡೆಸತೊಡಗಿದಾಗ, ವಾರವಿಡೀ ದುಡಿಯುವ ಬಡಮಕ್ಕಳಿಗೆ ಓದು ಕಲಿಸುವುದು ಅದರ ದೊಡ್ಡ ಉದ್ದೇಶವಾಗಿತ್ತು. ನನಗೂ ಆ ಆಸೆಯಿದೆ. ಬೋರ್ಡಿನ ಮೇಲೆ ಚಿತ್ರದ ಪಕ್ಕ 'ನೋಹ', 'ಯೋನ' ಎಂದು ದಪ್ಪ ಅಕ್ಷರದ ಬಟ್ಟೆಪಟ್ಟಿಗಳನ್ನು ನಾನೇ ಮಾಡಿ ಅಂಟಿಸುತ್ತೇನೆ. ಹಾಗೆ ಸೇರಿಸಿಕೊಳ್ಳಲು ಈ ಬೋರ್ಡು ಅವಕಾಶ ಕೊಡುತ್ತದೆ, ಮತ್ತು ನಾಲ್ಕು ಮಕ್ಕಳು ಅಕ್ಷರ ಗುರುತಿಸಲು ಕಲಿತಿದ್ದಾರೆ.

ಇನ್ನು ಮಗನ ವಿಷಯ. ಸೆಟ್ಟು ಬರುವ ಮೊದಲೇ ಅವನು ತರಗತಿಯಲ್ಲಿ ಬೆಂಚಿನ ಕೆಳಗೆ ಹೋಗಿ ಮಲಗುತ್ತಿದ್ದ, ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಸೆರಗು ಎಳೆಯುತ್ತಿದ್ದ, ಬೇರೆ ಮಗುವನ್ನು ನಾನು ಪಕ್ಕಕ್ಕೆ ಕೂರಿಸಿಕೊಂಡರೆ ನಡುವೆ ಬಂದು ತೂರಿಕೊಳ್ಳುತ್ತಿದ್ದ. ಗದರಿಸಿದರೆ ನಗುತ್ತಿದ್ದ, ಸುಮ್ಮನಿದ್ದರೆ ಉಳಿದ 13 ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಬೋರ್ಡು ಬಂದ ಮೊದಲ ಎರಡು ತಿಂಗಳು ಇದು ಇನ್ನೂ ಹೆಚ್ಚಾಯಿತು. ಶನಿವಾರ ರಾತ್ರಿ ಮನೆಯಲ್ಲಿ ನಾನು ಚಿತ್ರ ಕತ್ತರಿಸುವಾಗ ಅವನು ಜೊತೆಗೇ ಕೂತು ಕಥೆಯನ್ನೆಲ್ಲ ಕೇಳಿರುತ್ತಿದ್ದ; ಭಾನುವಾರ ನಾನು ಬಾಯಿ ತೆರೆಯುವ ಮೊದಲೇ ಮುಂದಿನದನ್ನು ಕೂಗಿ ಹೇಳುತ್ತಿದ್ದ. ಗೊಲ್ಯಾತ ತನ್ನವನೆಂದು ಹಟ ಹಿಡಿದು, ಬೇರೆ ಹುಡುಗ ಅಂಟಿಸಿದ್ದನ್ನು ಕಿತ್ತುಕೊಂಡು ಓಡಿದಾಗ ಆ ಚಿತ್ರದ ಈಟಿ ಹರಿಯಿತು.

ಸಮುವೇಲನ ಪಾಠದ ದಿನ ಅತ್ಯಂತ ಕಷ್ಟವಾಯಿತು. ದೇವಾಲಯದಲ್ಲಿ ರಾತ್ರಿ ಮಲಗಿದ್ದ ಬಾಲಕನಿಗೆ ದೇವರ ಕರೆ ಕೇಳಿಸಿ, ಅವನು ಯಾಜಕನಾದ ಏಲಿಯ ಬಳಿಗೆ ಓಡುವ ಆ ಕಥೆಯನ್ನು ತಗ್ಗಿದ ದನಿಯಲ್ಲಿ ಹೇಳಬೇಕು. ಮಗ ಬೆಂಚಿನ ಮೇಲೆ ಹತ್ತಿ ನಿಂತು "ಸಮುವೇಲಾ, ಸಮುವೇಲಾ" ಎಂದು ಕೊನೆಯವರೆಗೂ ಕಿರುಚಿದ. ಹೊರಗೆ ಕೂತಿದ್ದ ಹಿರಿಯರೊಬ್ಬರು ಆರಾಧನೆಯ ನಂತರ, "ಏನವಾ, ಟೀಚರಮ್ಮನ ಮಗನ ಹಿಂಗ ಮಾಡಿದ್ರ ಉಳಿದ ಹುಡುಗರು ಯಾರ ಮಾತು ಕೇಳಬೇಕು?" ಎಂದರು. ದಾರಿ ತಪ್ಪಿದ ತನ್ನ ಮಕ್ಕಳನ್ನು ಏಲಿ ತಡೆಯಲಿಲ್ಲವೆಂಬ ಮಾತು ಅದೇ ಅಧ್ಯಾಯದಲ್ಲಿರುವುದು ನನಗೂ ಗೊತ್ತಿತ್ತು. ತನ್ನ ಮನೆಯನ್ನು ಚೆನ್ನಾಗಿ ನಡೆಸುವವನಾಗಿರಬೇಕು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಸಭಾಧ್ಯಕ್ಷರನ್ನು ಕುರಿತು ಹೇಳಿದ್ದು ನೆನಪಾಗಿ, ಪಾಠ ಬಿಟ್ಟುಬಿಡುವ ಯೋಚನೆಯನ್ನೂ ಮಾಡಿದೆ. ಆದರೆ ಸಮುವೇಲನ ಗ್ರಂಥವನ್ನು ಮುಂದೆ ಓದುತ್ತ 8ನೆಯ ಅಧ್ಯಾಯಕ್ಕೆ ಬಂದಾಗ, ಸಮುವೇಲನ ಸ್ವಂತ ಮಕ್ಕಳೂ ತಂದೆಯ ದಾರಿಯಲ್ಲಿ ನಡೆಯದೆ ಲಂಚ ತೆಗೆದುಕೊಂಡರೆಂದು ಕಂಡೆ. ಅದಾದ ಮೇಲೂ ಸೌಲನನ್ನು, ದಾವೀದನನ್ನು ಅರಸರಾಗಿ ಅಭಿಷೇಕಿಸುವ ಕೆಲಸ ಸಮುವೇಲನಿಗೇ ಬಂತು. ಆರು ವರ್ಷದ ಮಗುವಿನ ಚೇಷ್ಟೆಗಾಗಿ ಸೇವೆ ಬಿಡುವುದು ಸರಿಯಲ್ಲವೆಂದು ನನಗೆ ಅಲ್ಲಿ ಮನದಟ್ಟಾಯಿತು.

ಕೈಪಿಡಿಯಲ್ಲಿ ಗಲಾಟೆ ಮಾಡುವ ಮಗುವನ್ನು ಶಿಕ್ಷಕರು ತಮ್ಮ ಹತ್ತಿರ ಕೂರಿಸಿಕೊಳ್ಳಬೇಕೆಂಬ ಸಲಹೆಯಿದೆ. ಬೇರೆ ಮಕ್ಕಳಿಗೆ ಅದು ಸರಿ. ಶಿಕ್ಷಕಿಯ ಮಗುವಿಗೆ ಅದೇ ಬಹುಮಾನವಾಗುತ್ತದೆ, ಏಕೆಂದರೆ ಅವನಿಗೆ ಬೇಕಾಗಿರುವುದೂ ಅಮ್ಮನ ಪಕ್ಕವೇ. ವಾರವೆಲ್ಲ ತನ್ನೊಬ್ಬನವಳಾಗಿದ್ದ ತಾಯಿ ಒಂದು ಗಂಟೆ 13 ಮಕ್ಕಳವಳಾಗುವುದನ್ನು ಅವನು ತಡೆದುಕೊಳ್ಳಲಾರದೆ ಹೋಗುತ್ತಿದ್ದ. ಇದು ತಿಳಿದ ಮೇಲೆ ಕಥೆಯ ಚೀಲವನ್ನು ಮನೆಯಲ್ಲಿ ಅವನೆದುರು ತೆರೆಯುವುದನ್ನು ನಿಲ್ಲಿಸಿದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಎರಡನೆಯ ಶಿಕ್ಷಕಿಯಾಗಿ ಬಂದಳು. ಮಗ ತಪ್ಪು ಮಾಡಿದರೆ ಹೇಳುವವಳು ಅವಳು, ನಾನಲ್ಲ. ಅವಳನ್ನು ಅವನು 'ಅಕ್ಕ' ಎನ್ನುತ್ತಾನೆ, ಅವಳ ಮಾತಿಗೆ ನಗುವುದಿಲ್ಲ. ಯಾರು ಯಾವ ಚಿತ್ರ ಅಂಟಿಸಬೇಕೆಂಬುದನ್ನು ಡಬ್ಬಿಯಿಂದ ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ನಾನು ಹೆಸರು ಕರೆಯುತ್ತಿದ್ದಾಗ, ಪಕ್ಷಪಾತ ಕಾಣಬಾರದೆಂದು ಮಗನನ್ನು ಯಾವಾಗಲೂ ಕೊನೆಗೆ ಇಡುತ್ತಿದ್ದೆ. ಅದು ಅವನಿಗೆ ಮಾಡಿದ ಅನ್ಯಾಯವೇ ಆಗಿತ್ತು. ತರಗತಿಯಲ್ಲಿ ನಡೆದದ್ದನ್ನು ಮನೆಗೆ ಹೋಗುವ ದಾರಿಯಲ್ಲಿ ಎತ್ತುವುದಿಲ್ಲ. ಊಟವಾಗಿ, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೇಲೆ ಮಾತಾಡುತ್ತೇನೆ.

ಈ ವ್ಯವಸ್ಥೆಗೆ ಬೋರ್ಡು ಬಹಳ ಹೊಂದುತ್ತದೆ. ಕರಿಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಬೆನ್ನು ಹಾಕಬೇಕಾಗುತ್ತದೆ. ಇಲ್ಲಿ ಪಕ್ಕದಲ್ಲಿ ನಿಂತು ಎಲ್ಲರ ಮುಖ ನೋಡುತ್ತಲೇ ಕಥೆ ಹೇಳಬಹುದು, ಚಿತ್ರ ಅಂಟಿಸುವ ಕೆಲಸ ಮಕ್ಕಳದು. ತನ್ನ ಸರದಿ ಬಂದೇ ಬರುತ್ತದೆಂಬ ನಂಬಿಕೆ ಹುಟ್ಟಿದ ಮೇಲೆ ಮಗ ಕಾಯಲು ಕಲಿತ. ಮೇ ತಿಂಗಳ ಒಂದು ಭಾನುವಾರ ಬಿರುಗಾಳಿಯ ಕಥೆಯಲ್ಲಿ ದೋಣಿಯ ಚೀಟಿ ಅವನಿಗೆ ಬರಲಿಲ್ಲ. ಕಣ್ಣು ತುಂಬಿಕೊಂಡು ಅಕ್ಕನ ಬಳಿ ಹೋಗಿ ಕೂತ, ಆದರೆ ಕಿತ್ತುಕೊಳ್ಳಲಿಲ್ಲ. ಈಗಲೂ ತಿಂಗಳಿಗೆ ಒಂದೆರಡು ಸಲ ಬೆಂಚಿನ ಕೆಳಗೆ ಹೋಗುತ್ತಾನೆ.

ತರಗತಿಯಲ್ಲಿ ಇಬ್ಬರು ಶಿಕ್ಷಕರಿದ್ದರೆ ಈ ಸೆಟ್ಟನ್ನು ಧೈರ್ಯವಾಗಿ ಕೊಳ್ಳಬಹುದು, ಬೆಲೆಗೆ ಮೋಸವಿಲ್ಲ. ನಿಮ್ಮ ಮಗುವೂ ಅಲ್ಲೇ ಇದ್ದು ನೀವೊಬ್ಬರೇ ಪಾಠ ಹೇಳುವುದಾದರೆ, ಮೊದಲು ಜೊತೆಗೊಬ್ಬರನ್ನು ಕೊಡಿ ಎಂದು ಸಭಾಪಾಲಕರನ್ನು ಕೇಳಿ, ಬೋರ್ಡನ್ನು ಆಮೇಲೆ ಕೊಳ್ಳಿ. ಹರಿದ ಚಿತ್ರಗಳು ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದಿಲ್ಲ. ಗೊಲ್ಯಾತನನ್ನು ನಾನು ಹಳೆಯ ಕಂದು ಫ್ಲಾನೆಲಿನಲ್ಲಿ ಹೊಸದಾಗಿ ಹೊಲಿದಿದ್ದೇನೆ, ಈ ಸಲ ದಾವೀದನ ಎರಡರಷ್ಟು ಎತ್ತರಕ್ಕೆ.