ಇಂಡಿಯನ್ ಪೆಸಿಫಿಕ್: ತಿರುವಿಲ್ಲದ ಹಳಿಯ ಮೇಲೆ ಮೂರು ರಾತ್ರಿ

ಆಸ್ಟ್ರೇಲಿಯದ ಪೂರ್ವ ಅಂಚಿನ ಸಿಡ್ನಿಯಿಂದ ಪಶ್ಚಿಮ ಅಂಚಿನ ಪರ್ತ್‌ಗೆ ವಿಮಾನದಲ್ಲಿ ಹೆಚ್ಚುಕಡಿಮೆ ಐದು ಗಂಟೆ ಸಾಕು. ಇಂಡಿಯನ್ ಪೆಸಿಫಿಕ್ ರೈಲು ಅದೇ ಊರಿಗೆ 4,352 ಕಿಲೋಮೀಟರ್ ಸಾಗಿ, ಮೂರು ರಾತ್ರಿ ಕಳೆದು, ನಾಲ್ಕನೆಯ ದಿನ ಮುಟ್ಟುತ್ತದೆ. ದರವೂ ವಿಮಾನದ ಹಲವು ಪಟ್ಟು. ಊರು ಸೇರುವುದಷ್ಟೇ ಬೇಕಾದವರು ಇದರ ಗೊಡವೆಗೆ ಹೋಗಬೇಕಾಗಿಲ್ಲ. ಹೆಸರಿನಲ್ಲಿರುವ ‘ಇಂಡಿಯನ್’ ನಮ್ಮ ದೇಶವಲ್ಲ, ಹಿಂದೂ ಮಹಾಸಾಗರ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರೊಬ್ಬರು ದಾರಿಯುದ್ದಕ್ಕೂ ಕಡಲು ಕಾಣುತ್ತದೆಂದು ನಮ್ಮ ಅವ್ವನನ್ನು ನಂಬಿಸಿದ್ದರು. ಹಳಿ ಹಾದುಹೋಗುವುದು ಒಳನಾಡಿನಲ್ಲಿ. ಕಿಟಕಿಯಿಂದ ಒಂದು ಅಲೆಯೂ ಕಾಣಲಿಲ್ಲ.

ನಾವು ಜುಲೈ ತಿಂಗಳಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಗೋಲ್ಡ್ ದರ್ಜೆಯ ಇಬ್ಬರ ಕೋಣೆಯಲ್ಲಿ ಹೋದೆವು. ಹಗಲು ಸೋಫಾ ಆಗಿರುವುದನ್ನು, ನಾವು ರಾತ್ರಿ ಊಟಕ್ಕೆ ಹೋದಾಗ ಸಿಬ್ಬಂದಿ ಬಂದು ಮೇಲೊಂದು ಕೆಳಗೊಂದು ಹಾಸಿಗೆಯಾಗಿ ಬಿಡಿಸಿಡುತ್ತಾರೆ. ಕೋಣೆಗೇ ಸೇರಿದ ಶೌಚಾಲಯದಲ್ಲಿ ಶವರ್ ಇದೆ, ಆದರೆ ಗಾಡಿ ತೂಗುವಾಗ ಒಂದು ಕೈಯಿಂದ ಹಿಡಿಕೆ ಹಿಡಿದೇ ಸ್ನಾನ ಮುಗಿಸಬೇಕು. ಮೇಲಿನ ಹಾಸಿಗೆಗೆ ಏಣಿ ಹತ್ತಬೇಕಾದ್ದರಿಂದ ಮಂಡಿನೋವಿನವರಿಬ್ಬರು ಒಂದೇ ಕೋಣೆ ಹಿಡಿಯುವುದು ಬೇಡ. ಊಟ, ಪಾನೀಯಗಳು ಟಿಕೆಟ್‌ನಲ್ಲೇ ಸೇರಿವೆ. ಸಸ್ಯಾಹಾರವೂ ಸಿಗುತ್ತದೆ, ಮೂರನೆಯ ದಿನಕ್ಕೆ ಖಾರ ನೆನಪಾಗುವವರು ಚಟ್ನಿಪುಡಿ ಇಟ್ಟುಕೊಳ್ಳಲಿ.

ಈ ರೈಲು ಶುರುವಾದದ್ದು 1970ರಲ್ಲಿ. ಅದಕ್ಕೂ ಮೊದಲು ಒಂದೊಂದು ರಾಜ್ಯದ ಹಳಿ ಒಂದೊಂದು ಅಗಲವಿದ್ದುದರಿಂದ, ದೇಶದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಟವರು ನಡುವೆ ಮತ್ತೆ ಮತ್ತೆ ಗಾಡಿ ಬದಲಿಸಬೇಕಾಗುತ್ತಿತ್ತು. ಮೀಟರ್ ಗೇಜ್ ಕಾಲದ ಹುಬ್ಬಳ್ಳಿ ಗಾಡಿಗಳನ್ನು ಕಂಡಿದ್ದ ಅವ್ವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಕೊಟ್ಟ ದುಡ್ಡು ಸಾರ್ಥಕವೆನಿಸುವುದು ಮೂರನೆಯ ದಿನ. ಬೆಳಗ್ಗೆ ಪರದೆ ಸರಿಸಿದ ಅವ್ವ, “ಒಂದು ಗಿಡಾನೂ ಇಲ್ಲಲ್ಲೋ ತಮ್ಮಾ!” ಎಂದಳು. ಆ ಬಯಲಿನ ಹೆಸರು ನಲ್ಲರ್ಬರ್. ಲ್ಯಾಟಿನ್‌ನಲ್ಲಿ ಅದರ ಅರ್ಥವೂ ಅಷ್ಟೇ, ಮರವಿಲ್ಲದ್ದು. ನೆಲ ಸುಣ್ಣಕಲ್ಲಿನದಾದ್ದರಿಂದ ಬಿದ್ದ ಅಲ್ಪ ಮಳೆಯೂ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ, ಮೊಣಕಾಲೆತ್ತರದ ಬೂದುಹಸಿರು ಕುರುಚಲು ಮಾತ್ರ. ಇಲ್ಲಿ ಹಳಿ 478 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲದೆ ಹೋಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಗಾಡಿ ಎಲ್ಲಿಯೂ ಓರೆಯಾಗದೆ ಹೋದರೆ ಹೇಗಿರಬಹುದೋ ಹಾಗೆ. ಮೊದಲ ಅರ್ಧ ಗಂಟೆ ಬೇಸರವಾಗುತ್ತದೆ, ನಿಜ. ಆಮೇಲೆ ಕಣ್ಣು ಪಳಗಿ, ಕುರುಚಲಿನ ಬಣ್ಣ ಮಬ್ಬಾಗುವುದು, ಮೋಡದ ನೆರಳು ಗಾಡಿಯ ಜೊತೆಗೇ ಓಡಿ ಹಿಂದುಳಿಯುವುದು, ಇವೆಲ್ಲ ಒಂದೊಂದಾಗಿ ಕಾಣತೊಡಗುತ್ತವೆ. ಫೋನಿಗೆ ಸಿಗ್ನಲ್ ಇಲ್ಲದಿರುವುದು ಇದಕ್ಕೆ ಒಳ್ಳೆಯದೇ ಆಯಿತು.

ಆ ನೇರ ಹಳಿಯ ಮೇಲೆಯೇ ಕುಕ್ ಎಂಬ ಊರಿದೆ. ಊರೆನ್ನುವುದು ಈಗ ಮರ್ಯಾದೆಯ ಮಾತು. ರೈಲ್ವೆ ನೌಕರರ ಕುಟುಂಬಗಳಿದ್ದಾಗ ಇಲ್ಲಿ ಶಾಲೆ, ಆಸ್ಪತ್ರೆ, ಈಜುಕೊಳ ಎಲ್ಲ ಇದ್ದವು. ಈಗ ಉಳಿದಿರುವವರು ಬೆರಳೆಣಿಕೆಯ ಮಂದಿ. ಗಾಡಿ ನಿಂತಾಗ ಇಳಿದು ನೋಡಬಹುದು. ಹಳಿಯ ಬದಿಯಲ್ಲಿ ತಗಡಿನ ಎರಡು ಪುಟ್ಟ ಗೂಡುಗಳಿವೆ, ಹಿಂದೆ ಕೈದಿಗಳನ್ನು ಇಡುತ್ತಿದ್ದವು. ಅವ್ವ ಒಂದರ ಗೋಡೆಯನ್ನು ಮುಟ್ಟಿ ತಟ್ಟನೆ ಕೈ ತೆಗೆದಳು. ಚಳಿಗಾಲದ ಬಿಸಿಲಿಗೇ ತಗಡು ಕಾದಿತ್ತು.

ಸೀಟು ಕಾದಿರಿಸುವವರಿಗೆ ಇನ್ನೊಂದು ಮಾತು. ದಾರಿಯಲ್ಲಿ ಗಡಿಯಾರ ಹಿಂದೆ ಹಿಂದೆ ಹೋಗುತ್ತದೆ: ಅಡಿಲೇಡ್‌ನಲ್ಲಿ ಅರ್ಧ ಗಂಟೆ, ಪರ್ತ್ ಮುಟ್ಟುವಷ್ಟರಲ್ಲಿ ಚಳಿಗಾಲದಲ್ಲಾದರೆ ಒಟ್ಟು ಎರಡು ಗಂಟೆ. ಅಡಿಲೇಡ್‌ಗೂ ಮೊದಲು ಸಿಗುವ ಬ್ರೋಕನ್ ಹಿಲ್ ಎಂಬ ಊರು ಇರುವುದು ಸಿಡ್ನಿಯ ರಾಜ್ಯದಲ್ಲೇ ಆದರೂ ಅಲ್ಲಿ ನಡೆಯುವುದು ಅಡಿಲೇಡ್‌ನ ಸಮಯ. ತಿಂಡಿಯ ಹೊತ್ತನ್ನು ಸಿಬ್ಬಂದಿಯನ್ನೇ ಕೇಳಿಕೊಳ್ಳುವುದು ಉತ್ತಮ. ಅವ್ವನಂತೂ ಕೈಗಡಿಯಾರವನ್ನು ಹುಬ್ಬಳ್ಳಿಯ ಸಮಯದಿಂದ ಕದಲಿಸಲೇ ಇಲ್ಲ.