ದಿನನಿತ್ಯದ ಓಡಾಟಕ್ಕೆ ಹಳೆಯ ಫೋರ್ ವೀಲ್ ಡ್ರೈವ್: ಜಿಪ್ಸಿ, ಥಾರ್ ಮತ್ತು ಡಸ್ಟರ್

ಆಲ್ದೂರಿನ ಆಚೆ ಕಾಫಿ ತೋಟಗಳ ನಡುವೆ ಇರುವ ನಮ್ಮ ಮನೆಯಿಂದ ಚಿಕ್ಕಮಗಳೂರಿಗೆ ನಾನು ದಿನವೂ ಕೆಲಸಕ್ಕೆ ಹೋಗಿಬರುವ ದಾರಿ ಒಂದು ಕಡೆಗೆ ಸುಮಾರು 20 ಕಿಲೋಮೀಟರ್. ಅದರಲ್ಲಿ 18 ಕಿಲೋಮೀಟರ್ ಡಾಂಬರು, ಉಳಿದ 2 ಕಿಲೋಮೀಟರ್ ತೋಟದ ಮಣ್ಣುದಾರಿ. ಆರಿದ್ರಾ ಮಳೆ ಹಿಡಿದಲ್ಲಿಂದ ಆಶ್ಲೇಷಾ ಕಳೆಯುವವರೆಗೆ ಆ ಮಣ್ಣುದಾರಿಯಲ್ಲಿ ಮಾಮೂಲಿ ಕಾರು ಏರು ಹತ್ತುವುದಿಲ್ಲ. ಟ್ರ್ಯಾಕ್ಟರು, ಪಿಕಪ್ಪುಗಳು ಕೊರೆದ ಜಾಡಿನಲ್ಲಿ ಹೊಟ್ಟೆ ಊರಿ ನಿಂತುಬಿಡುತ್ತದೆ. ಹೀಗಾಗಿ ₹6 ಲಕ್ಷದೊಳಗೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೆಯ ಗಾಡಿಯೊಂದನ್ನು ಕೊಳ್ಳಲು ಹೊರಟಾಗ ಮಾರುತಿ ಜಿಪ್ಸಿ, 2020ಕ್ಕಿಂತ ಹಿಂದಿನ ಮಹೀಂದ್ರಾ ಥಾರ್ ಸಿಆರ್‌ಡಿಇ ಮತ್ತು ರೆನೋ ಡಸ್ಟರ್ ಎಡಬ್ಲ್ಯೂಡಿ (ನಾಲ್ಕೂ ಚಕ್ರಕ್ಕೆ ಎಳೆತವಿರುವ ಮಾದರಿ) ಈ ಮೂರನ್ನು ಒಂದೇ ಮಳೆಗಾಲದಲ್ಲಿ, ಇದೇ ದಾರಿಯಲ್ಲಿ ಓಡಿಸಿ ನೋಡಿದೆ. ಜಿಪ್ಸಿ ನಮ್ಮ ಭಾವನವರದು, ಥಾರ್ ಸ್ನೇಹಿತರದು. ಡಸ್ಟರನ್ನು ಮಾರುವವರೇ ಕೆಲವು ದಿನ ಬಿಟ್ಟುಕೊಟ್ಟಿದ್ದರು.

ನಮ್ಮ ಕಡೆ ಇಂಥ ಮಾತು ತೆಗೆದರೆ ಸಾಕು, ಯಾವ ಗಾಡಿ ಎಂಥ ಏರು ಹತ್ತಿತು ಎಂಬ ಕಥೆಗಳೇ ಮೊದಲು ಬರುತ್ತವೆ. ಆದರೆ ದಿನಕ್ಕೆ 40 ಕಿಲೋಮೀಟರ್ ಓಡುವವನಿಗೆ ಅದರಲ್ಲಿ 36 ಡಾಂಬರೇ ಆಗಿರುವಾಗ, ಗಾಡಿಯನ್ನು ಆರಿಸಬೇಕಾದದ್ದು ಡಾಂಬರಿನ ಮೇಲಿನ ನಡತೆಯನ್ನು ನೋಡಿ ಎಂಬುದು ನನ್ನ ಅಭಿಪ್ರಾಯ. ತೋಟಗಳಲ್ಲಿ ಇಂದಿಗೂ ಆಳುಗಳನ್ನು ಹೊತ್ತು ತಿರುಗುವ ಎಂಎಂ 540, ಮೇಜರ್ ಮುಂತಾದ ಹಳೆಯ ಜೀಪುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದುದೂ ಇದೇ ಕಾರಣಕ್ಕೆ. ಅವು ಕೆಲಸದ ಗಾಡಿಗಳು, ಆದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಹೋಗುವವನ ಗಾಡಿಗಳಲ್ಲ.

ಮೊದಲು ಮಣ್ಣುದಾರಿಯ ವಿಷಯವನ್ನು ಮುಗಿಸಿಬಿಡುತ್ತೇನೆ. ನಮ್ಮ ದಾರಿಯಲ್ಲಿ ಸಿಲ್ವರ್ ಓಕ್ ಮರಗಳ ಕೆಳಗೆ ಕೆಂಪು ಜೇಡಿಯ ಒಂದು ಏರು ತಿರುವಿದೆ. ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಾಫಿ ಗಿಡಗಳ ಇಳಿಜಾರು. ಥಾರ್‌ನಲ್ಲಿ ಕೆಳಗೆ ನಿಂತು ಲೋ ರೇಂಜಿಗೆ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಹೆಚ್ಚುವರಿ ಗೇರು) ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಆಕ್ಸಿಲರೇಟರ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ, 2.5 ಲೀಟರ್ ಡೀಸೆಲ್ ಎಂಜಿನ್ನಿನ 247 ಎನ್ಎಂ ಟಾರ್ಕ್ (ತಿರುಗಿಸುವ ಬಲ) ಅದನ್ನು ನಿಧಾನವಾಗಿ ಮೇಲಕ್ಕೆ ದಾಟಿಸುತ್ತದೆ. ಇಳಿಯುವಾಗಲೂ ಬ್ರೇಕಿನ ಮೇಲೆ ಕಾಲಿಡದೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಜಿಪ್ಸಿಯದು ಬೇರೆ ರೀತಿ. ಒಂದು ಟನ್ನಿನ ಆಸುಪಾಸು ತೂಕವಾದ್ದರಿಂದ ಅದು ಕೆಸರಿನಲ್ಲಿ ಹೂಳುವುದೇ ಕಡಿಮೆ. ಆದರೆ ಅದರ ಅಗಲ ಕೇವಲ 1,540 ಮಿಲಿಮೀಟರ್. ಪಿಕಪ್ಪುಗಳು ಕೊರೆದ ಜಾಡು ಅದಕ್ಕಿಂತ ಅಗಲವಾಗಿರುವುದರಿಂದ ಒಂದು ಕಡೆಯ ಚಕ್ರ ಜಾಡಿನಲ್ಲಿ, ಇನ್ನೊಂದು ಕಡೆಯದು ನಡುವಿನ ದಿಣ್ಣೆಯ ಮೇಲೆ ಹೋಗಿ ಗಾಡಿ ವಾಲಿಕೊಂಡೇ ಸಾಗುತ್ತದೆ. ಅಭ್ಯಾಸವಿಲ್ಲದವರು ಪಕ್ಕದ ಸೀಟಿನಲ್ಲಿದ್ದರೆ ಬಾಗಿಲ ಹಿಡಿಯನ್ನು ಬಿಡುವುದೇ ಇಲ್ಲ.

ಡಸ್ಟರ್‌ಗೆ ಲೋ ರೇಂಜ್ ಇಲ್ಲ. ಅದರ ಬದಲಿಗೆ ಆರು ಗೇರುಗಳ ಪೈಕಿ ಮೊದಲನೆಯದನ್ನೇ ಬಹಳ ಗಿಡ್ಡವಾಗಿ ಇಟ್ಟಿದ್ದಾರೆ. ಸಾವಿರ ಆರ್‌ಪಿಎಂಗೆ ಗಂಟೆಗೆ ಹೆಚ್ಚುಕಡಿಮೆ 6 ಕಿಲೋಮೀಟರ್ ವೇಗ. ಡ್ರೈವ್ ಆರಿಸುವ ತಿರುಗುಗುಂಡಿಯನ್ನು ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಲಾಕ್‌ಗೆ ತಿರುಗಿಸಿ, ಏರಿಗೆ ಮುಂಚೆಯೇ ಸ್ವಲ್ಪ ಓಟ ಹಿಡಿದು ಹೋದರೆ ನಮ್ಮ ತಿರುವನ್ನು ಅದು ತಕರಾರಿಲ್ಲದೆ ಹತ್ತುತ್ತದೆ. ನಡುವೆ ನಿಲ್ಲಿಸಿ ಮತ್ತೆ ಹೊರಡಿಸಬೇಕಾಗಿ ಬಂದರೆ ಮಾತ್ರ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಹಾಗಾಗಿ ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಖಚಿತವಾಗುವವರೆಗೆ ಕೆಳಗೇ ಕಾಯುವುದು ಒಳ್ಳೆಯದು. ದಾರಿ ಇದಕ್ಕಿಂತ ಕೆಟ್ಟದಾಗಿದ್ದರೆ, ಅಂದರೆ ಕಲ್ಲುಬಂಡೆಗಳ ಮೇಲೆ ಚಕ್ರವಿಟ್ಟು ಹತ್ತಬೇಕಾದಂಥದ್ದಾಗಿದ್ದರೆ, ಡಸ್ಟರಿನ ಮಾತನ್ನು ಇಲ್ಲಿಗೇ ಬಿಟ್ಟು ಥಾರ್ ಕೊಳ್ಳುವುದೇ ಸರಿ. 2015ರ ಬದಲಾವಣೆಯ ನಂತರದ ಥಾರ್ ಸಿಕ್ಕಿದರೆ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಎಳೆತ ಹಂಚುವ ಗೇರುಪೆಟ್ಟಿಗೆ) ತಾನಾಗಿಯೇ ಲಾಕ್ ಆಗುವ ಸೌಲಭ್ಯವೂ ದೊರೆಯುತ್ತದೆ. ಒಂದು ಚಕ್ರ ಗಾಳಿಯಲ್ಲಿ ತಿರುಗಿದರೂ ಇನ್ನೊಂದು ಎಳೆಯುತ್ತದೆ.

ಇನ್ನು ಡಾಂಬರಿಗೆ ಬರುತ್ತೇನೆ. ಜಿಪ್ಸಿ 1985ರ ಕೊನೆಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ಗಾಡಿ, 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು, 2000ದ ಹೊತ್ತಿಗೆ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಧನ ಚಿಮ್ಮಿಸುವ) ಎಂಜಿನ್ 80 ಅಶ್ವಶಕ್ತಿಯದಾಯಿತು. ಮೂಲ ರಚನೆ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ: ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಪವರ್ ಸ್ಟಿಯರಿಂಗ್ ಇಲ್ಲ, ಎಸಿ ಇಲ್ಲ. ಎಂಜಿನ್ ಬಹಳ ಉತ್ಸಾಹದ್ದು, ಗೇರು ಹಗುರ. ವಸ್ತಾರೆಯ ಕಡೆಯ ತಿರುವುಗಳಲ್ಲಿ ಖಾಲಿ ರಸ್ತೆ ಸಿಕ್ಕಿದರೆ ಮನಸ್ಸು ಹಿಗ್ಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಮಳೆಗಾಲದಲ್ಲಿ ದಿನವೂ ಕಾಡುವುದು ಕೆಸರಲ್ಲ, ಗಾಜಿನ ಮೇಲೆ ಕಟ್ಟುವ ಆವಿ. ಜಡಿಮಳೆಯಲ್ಲಿ ಕಿಟಕಿ ತೆರೆದರೆ ತೋಳು ನೆನೆಯುತ್ತದೆ, ಮುಚ್ಚಿದರೆ ಎರಡೇ ನಿಮಿಷದಲ್ಲಿ ಮುಂದಿನ ಗಾಜು ಬೆಳ್ಳಗಾಗುತ್ತದೆ. ಎಡಗೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತ, ಬಲಗೈಯಲ್ಲಿ ಭಾರವಾದ ಸ್ಟಿಯರಿಂಗ್ ತಿರುಗಿಸುತ್ತ, ಎದುರಿನಿಂದ ಬರುವ ಬಸ್ಸಿನ ಹೆಡ್‌ಲೈಟನ್ನು ಅಂದಾಜಿನ ಮೇಲೆ ತಪ್ಪಿಸುವುದು ರಜಾದಿನದ ಮೋಜಿಗೆ ಸರಿ. ವಾರಕ್ಕೆ ಆರು ದಿನ ಅದೇ ಆದರೆ ಬೇಸರ ಬರುತ್ತದೆ. ಎಸಿ ಇರುವ ಥಾರ್‌ನಲ್ಲಿ ಈ ತೊಂದರೆ ಅರ್ಧಕ್ಕರ್ಧ ಕಡಿಮೆ. ಕ್ಯಾನ್ವಾಸ್ ಟಾಪಿನ ಜಿಪ್ಪುಗಳ ಸಂದಿಯಿಂದ ಹನಿಯುವ ನೀರಿಗೆ ಮಾತ್ರ ಮದ್ದಿಲ್ಲ. ಚೀಲವನ್ನು ಸೀಟಿನ ಮೇಲಿಡುವುದೋ ಕೆಳಗಿಡುವುದೋ ಎಂಬುದನ್ನು ಮಳೆ ಬೀಸುವ ದಿಕ್ಕು ನೋಡಿ ನಿರ್ಧರಿಸಬೇಕು.

ಥಾರ್‌ನ ಮುಂಭಾಗದಲ್ಲಿ ಟಾರ್ಷನ್ ಬಾರ್‌ನ ಸ್ವತಂತ್ರ (ಪ್ರತಿ ಚಕ್ರವೂ ಬೇರೆಯಾಗಿ ಏರಿಳಿಯುವ) ಸಸ್ಪೆನ್ಷನ್ ಇರುವುದರಿಂದ ಜಿಪ್ಸಿಗಿಂತ ನೇರವಾಗಿ ಸಾಗುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಮಾತ್ರ ಖಾಲಿ ಗಾಡಿಯಲ್ಲಿ ಪ್ರತಿ ಹಂಪನ್ನೂ ಬೆನ್ನಿಗೆ ತಲುಪಿಸುತ್ತದೆ. ಹಿಂದಿನ ಸೀಟುಗಳು ಎದುರುಬದುರಾಗಿರುವ ಅಡ್ಡ ಬೆಂಚುಗಳು. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳನ್ನು ಶಾಲೆಗೆ ಬಿಡುವುದು ದಿನಚರಿಯಲ್ಲಿ ಸೇರಿದ್ದರೆ ಇದೊಂದೇ ಕಾರಣಕ್ಕೆ ಥಾರನ್ನು ಬಿಡಬಹುದು. ಏರ್‌ಬ್ಯಾಗ್ ಜಿಪ್ಸಿಯಲ್ಲೂ ಇಲ್ಲ, ಆ ಕಾಲದ ಥಾರ್‌ನಲ್ಲೂ ಇಲ್ಲ. ಡಸ್ಟರ್ ಇಲ್ಲಿ ಬೇರೆಯೇ ದರ್ಜೆಯದು. 2014ರಲ್ಲಿ ಬಂದ ಎಡಬ್ಲ್ಯೂಡಿ ಮಾದರಿಗೆ ಹಿಂದೆಯೂ ಸ್ವತಂತ್ರ ಮಲ್ಟಿಲಿಂಕ್ ಸಸ್ಪೆನ್ಷನ್ ಕೊಟ್ಟಿದ್ದಾರೆ. ಗುಂಡಿಬಿದ್ದ ರಸ್ತೆಯಲ್ಲಿ ವೇಗ ತಗ್ಗಿಸದೆ ಹೋದರೂ ಒಳಗಿದ್ದವರ ಮಾತು ನಿಲ್ಲುವುದಿಲ್ಲ. ಎಬಿಎಸ್, ನಾಲ್ಕು ಬಾಗಿಲು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟು, ಸರಿಯಾದ ಡಿಕ್ಕಿ ಎಲ್ಲವೂ ಇವೆ. ಹನುಮಂತಪ್ಪ ವೃತ್ತದ ಬಳಿಯ ಇಕ್ಕಟ್ಟಿನಲ್ಲಿ ಮಾತ್ರ ಅದರ ಅಗಲ ಕಿರಿಕಿರಿ ಮಾಡುತ್ತದೆ; ಅಲ್ಲಿ ಜಿಪ್ಸಿ ಎಲ್ಲಿ ಬೇಕಾದರೂ ನುಸುಳುತ್ತದೆ.

ಇಂಧನದ ಲೆಕ್ಕ ಸರಳ. ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವ ವಿಧಾನದಲ್ಲಿ ಜಿಪ್ಸಿ ಲೀಟರಿಗೆ 10, ಥಾರ್ 12, ಡಸ್ಟರ್ 15 ಕಿಲೋಮೀಟರಿನ ಆಸುಪಾಸು ಕೊಟ್ಟವು. ತಿಂಗಳಿಗೆ 1,000 ಕಿಲೋಮೀಟರ್ ಎಂದಿಟ್ಟುಕೊಂಡು, ಪೆಟ್ರೋಲಿಗೆ ₹100, ಡೀಸೆಲ್ಲಿಗೆ ₹90 ಹಿಡಿದರೆ ಕ್ರಮವಾಗಿ ₹10,000, ₹7,500 ಮತ್ತು ₹6,000 ಆಗುತ್ತದೆ. ಜಿಪ್ಸಿ ಕೊಳ್ಳುವಾಗ ಉಳಿದ ಹಣ ಎರಡು ವರ್ಷದಲ್ಲಿ ಪೆಟ್ರೋಲ್ ಬಂಕಿಗೆ ಸೇರುತ್ತದೆ. ಮೇಲಾಗಿ ಈಗ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಜಿಪ್ಸಿಯ ರಬ್ಬರ್ ಪೈಪುಗಳು, ಸೀಲುಗಳು ಅದನ್ನು ಗಮನದಲ್ಲಿಟ್ಟು ಮಾಡಿದವಲ್ಲವಾದ್ದರಿಂದ ಕೊಂಡ ಕೂಡಲೇ ಇಂಧನದ ಪೈಪುಗಳನ್ನೆಲ್ಲ ಬದಲಾಯಿಸಿಬಿಡುವುದು ಕ್ಷೇಮ.

ರಿಪೇರಿಯ ವಿಷಯದಲ್ಲಿ ಈ ಅನುಕ್ರಮ ಪೂರ್ತಿ ತಲೆಕೆಳಗಾಗುತ್ತದೆ. ಮಹೀಂದ್ರಾ ಗಾಡಿಯನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಎಲ್ಲೆಡೆ ಇದ್ದಾರೆ. ಜಿಪ್ಸಿಯ ಎಂಜಿನ್ನೂ ಅವರಿಗೆ ಪರಿಚಿತವೇ. ಡಸ್ಟರಿನ 1.5 ಲೀಟರ್ ಡೀಸೆಲ್ ಎಂಜಿನ್ ನಿಸಾನ್ ಗಾಡಿಗಳಲ್ಲೂ ಇದ್ದುದರಿಂದ ಎಂಜಿನ್ನಿನ ಬಿಡಿಭಾಗಗಳಿಗೆ ಅಷ್ಟಾಗಿ ಪರದಾಡಬೇಕಿಲ್ಲ. ಆದರೆ ಹಿಂದಿನ ಚಕ್ರಗಳಿಗೆ ಎಳೆತ ಕಳಿಸುವ ಎಲೆಕ್ಟ್ರಿಕ್ ಕಪ್ಲಿಂಗ್ ಕೆಟ್ಟರೆ ಅದು ಊರಿನ ಗ್ಯಾರೇಜಿನ ಕೆಲಸವಲ್ಲ. ಅದಕ್ಕಾಗಿ ₹60,000 ಬದಿಗಿಡದೆ ಹಳೆಯ ಎಡಬ್ಲ್ಯೂಡಿ ಡಸ್ಟರನ್ನು ಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ. ನಾಲ್ಕು ಟೈರುಗಳಲ್ಲಿ ಎರಡು ಹೊಸದು, ಎರಡು ಸವೆದದ್ದು ಇರುವ ಡಸ್ಟರ್ ಕಂಡರೆ ಅನುಮಾನ ಪಡಬೇಕು. ಮುಂದಿನ ಹಿಂದಿನ ಚಕ್ರಗಳ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ಕಪ್ಲಿಂಗ್ ಬಿಸಿಯಾಗುತ್ತದೆ, ಆಯುಷ್ಯ ತಗ್ಗುತ್ತದೆ.

ಜಿಪ್ಸಿ, ಥಾರ್ ನೋಡುವಾಗ ಎಂಜಿನ್ನಿಗಿಂತ ಮೊದಲು ಗಾಡಿಯ ಕೆಳಗೆ ತೂರಬೇಕು. ಕರಾವಳಿಯಲ್ಲಿ ಓಡಿದ ಗಾಡಿಯ ಚಾಸಿಸ್ಸನ್ನು ಉಪ್ಪುಗಾಳಿ, ತೋಟದಲ್ಲಿ ಗೊಬ್ಬರ ಹೊತ್ತ ಗಾಡಿಯ ತಳವನ್ನು ಗೊಬ್ಬರದ ನೀರು ತಿಂದಿರುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಸ್ಸಿಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಲೋಹದ ಶಬ್ದ ಬರಬೇಕು; ಹೊಸದಾಗಿ ಬಳಿದ ಕಪ್ಪು ಬಣ್ಣದ ಕೆಳಗೆ ಮಂಕಾದ ಶಬ್ದ ಬಂದರೆ ಬೆಲೆ ಮಾತಾಡದೆ ಎದ್ದು ಬರಬಹುದು. ನಾನು ನೋಡಿದ ಗಾಡಿಗಳಲ್ಲಿ ಎಷ್ಟೋ ಫೋರ್ ವೀಲ್ ಲಿವರುಗಳು ಬಳಕೆಯಿಲ್ಲದೆ ಬಿಗಿದುಕೊಂಡಿದ್ದವು. ಜಲ್ಲಿ ಅಥವಾ ಮಣ್ಣಿನ ಮೇಲೆ ಲಿವರ್ ಹಾಕಿಸಿ, ನಾಲ್ಕೂ ಚಕ್ರ ಎಳೆಯುವುದನ್ನು ಕಣ್ಣಾರೆ ನೋಡಬೇಕು. ಈ ಎರಡು ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಬಾರದು. ಮುಂದಿನ ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶವಿಲ್ಲದೆ ಗೇರ್ ವ್ಯವಸ್ಥೆಯ ಮೇಲೆ ಒತ್ತಡ ಬೀಳುತ್ತದೆ.

ಕಾಗದಪತ್ರದ ವಿಷಯದಲ್ಲಿ ಜಿಪ್ಸಿಗೇ ಹೆಚ್ಚು ಎಚ್ಚರ ಬೇಕು. ಸೇನೆಯ ಹರಾಜಿನಿಂದ ಬಂದವು ಬಹಳ. ಚಾಸಿಸ್ ನಂಬರು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆಯಾಗಬೇಕು. 15 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ₹600ರ ಬದಲು ₹5,000 ಆಗಿದೆ. 20 ವರ್ಷ ದಾಟಿದವಕ್ಕೆ 2025ರಿಂದ ಅದು ₹10,000. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂದು ಇಲ್ಲಿಯೂ ಕೆಲವರು ಹೆದರಿಸುತ್ತಾರೆ. ಆ ನಿರ್ಬಂಧ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕಾಗಿ, ನಮ್ಮ ಜಿಲ್ಲೆಗಲ್ಲ. ದಪ್ಪ ಕಬ್ಬಿಣದ ಬಂಪರ್, ಅಳತೆ ಮೀರಿದ ಟೈರು, ಕತ್ತರಿಸಿ ಬೆಸೆದ ಬಾಡಿ ಇರುವ ಗಾಡಿಯನ್ನು ಅಂದಕ್ಕೆ ಮರುಳಾಗಿ ಕೊಳ್ಳಬಾರದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದ ಮೇಲೆ ಎಫ್‌ಸಿಗೆ ನಿಂತಾಗ ಅವೆಲ್ಲ ಬಿಚ್ಚಬೇಕಾಗುತ್ತದೆ.

ನಾನು ಕೊಂಡದ್ದು ಡಸ್ಟರನ್ನು. ಮನೆಯಲ್ಲಿ ಇನ್ನೊಂದು ಕಾರು ಇದ್ದು, ಗಾಡಿ ಒಬ್ಬರ ಓಡಾಟಕ್ಕೆ ಮಾತ್ರ ಆಗಿದ್ದರೆ ಥಾರ್ ಆರಿಸುತ್ತಿದ್ದೆ. ಕಚೇರಿ ಐದಾರು ಕಿಲೋಮೀಟರ್ ದೂರದಲ್ಲೇ ಇದ್ದು, ಹಠ ಹಿಡಿದು ತಾನೇ ರಿಪೇರಿ ಮಾಡಿಕೊಳ್ಳುವ ಹವ್ಯಾಸ ಇರುವವರಿಗೆ ಜಿಪ್ಸಿಯನ್ನು ಬೇಡವೆನ್ನಲು ನನ್ನಲ್ಲಿ ಕಾರಣವಿಲ್ಲ. ಡಸ್ಟರ್ ಕೊಳ್ಳುವವರು ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀದಿ ಸಿಗದಿದ್ದರೆ ಅದನ್ನು ಮೊದಲ ವಾರದಲ್ಲೇ ಹಾಕಿಸಿಬಿಡಬೇಕು, ಮತ್ತು 215/65 ಆರ್16 ಅಳತೆಯ ಆಲ್ ಟೆರೇನ್ ಟೈರುಗಳನ್ನು ನಾಲ್ಕೂ ಒಟ್ಟಿಗೆ, ಮಳೆ ಹಿಡಿಯುವ ಮುಂಚೆಯೇ ಹಾಕಿಸಬೇಕು.