ದುರ್ಗವೋ, ದಾವಣಗೆರೆಯೋ: ಮನೆ ಎಲ್ಲಿ ಮಾಡೋದು?

ವರ್ಗವಾಗಿ ಈ ಕಡೆ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ನಾನು ಹುಟ್ಟಿದ್ದು ಚಿತ್ರದುರ್ಗದಲ್ಲಿ, ಕೆಲಸ ದಾವಣಗೆರೆಯಲ್ಲಿ. ನಡುವೆ ಸುಮಾರು 60 ಕಿ.ಮೀ. 1997ರವರೆಗೆ ಎರಡೂ ಒಂದೇ ಜಿಲ್ಲೆ.

ಮಕ್ಕಳ ಓದು, ಆಸ್ಪತ್ರೆ ಮುಖ್ಯವಾದರೆ ದಾವಣಗೆರೆಯೇ ಸರಿ. ಕಾಲೇಜುಗಳು ಜಾಸ್ತಿ. ಬೆಂಗಳೂರು–ಹುಬ್ಬಳ್ಳಿ ರೈಲು ಊರಿನ ನಡುವೆಯೇ ನಿಲ್ಲುತ್ತದೆ. ದುರ್ಗದಲ್ಲಿ ರೈಲು ಕಡಿಮೆ, ಹೆಚ್ಚಾಗಿ ಬಸ್ಸೇ ಗತಿ. ತಿಂಡಿಯಲ್ಲೂ ದಾವಣಗೆರೆ ಮುಂದು, ಒಪ್ಪಿಕೊಳ್ಳುತ್ತೇನೆ. ಬೆಣ್ಣೆ ದೋಸೆ ತಟ್ಟೆಗೆ ಬಂದಾಗ ಮೇಲಿನ ಬೆಣ್ಣೆ ಇನ್ನೂ ಕರಗುತ್ತಿರುತ್ತದೆ. ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹತ್ತಿ ಮಿಲ್ಲುಗಳ ಕಾಲ ಮುಗಿದರೂ ವ್ಯಾಪಾರದ ಗದ್ದಲ ಹಾಗೇ ಇದೆ.

ಆದರೆ ಬೆಳಿಗ್ಗೆ ನಡೆಯೋಕೆ ದುರ್ಗದಂಥ ಊರು ನನಗೆ ಬೇರೆ ಸಿಕ್ಕಿಲ್ಲ. ಏಳು ಸುತ್ತಿನ ಕೋಟೆ ಮನೆ ಪಕ್ಕದಲ್ಲೇ ಇರುತ್ತದೆ, ಅಲ್ವಾ! ಓಬವ್ವನ ಕಿಂಡಿಯಲ್ಲಿ ಬಗ್ಗಿ, ಮೈ ಕುಗ್ಗಿಸಿಯೇ ನುಸುಳಬೇಕು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗೇ ಯಾಕೆ ಬಂದರು ಅನ್ನೋದು ಅಲ್ಲಿ ಸುಮ್ನೆ ನಿಂತರೆ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಅಮ್ಮ ನನ್ನ ಕೈ ಹಿಡಿದು ಆ ಕಿಂಡಿ ದಾಟಿಸಿದ್ದರು. ಈಗ ನನ್ನ ಮಗಳನ್ನು ನಾನು ದಾಟಿಸುತ್ತೇನೆ. ಮೇಲೆ ಬಂದರೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟ ಜಾಣತನ ಅದು. ಬೇಸಿಗೆ ಸಂಜೆಗೆ ಊರ ಹತ್ತಿರದ ಜೋಗಿಮಟ್ಟಿ ಬೆಟ್ಟದ ಗಾಳಿ ಇದ್ದೇ ಇದೆ.

ಮಕ್ಕಳು ಕಾಲೇಜಿಗೆ ಬಂದಿದ್ದರೆ ದಾವಣಗೆರೆಯಲ್ಲಿರಿ. ಇಲ್ಲದಿದ್ದರೆ ಕೋಟೆ ಕಾಣುವ ಕಡೆ ಬಾಡಿಗೆ ಮನೆ ಹುಡುಕಿ.